ಜಠರದ ಕ್ಯಾನ್ಸರ್ ಅಂಡಾಶಯಕ್ಕೆ ಹರಡಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಡಾಕ್ಟರು ರೌಂಡ್ಸ್ ಮುಗಿಸಿ ಹೋಗುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ನಾನು ಡ್ರಿಪ್ ಬಾಟಲಿ ಬದಲಿಸಲು ಹೋದಾಗ ಮೆಲ್ಲಗೆ ಶುರುವಾಗುತ್ತದೆ. "ಸಿಸ್ಟರ್, ಒಂದು ಕೇಳ್ಲಾ?" ಇಪ್ಪತ್ತೈದು, ಮೂವತ್ತು, ಮೂವತ್ತೈದರ ಹೆಣ್ಣುಮಕ್ಕಳು, ಅವರ ಅಮ್ಮಂದಿರು, ಗಂಡಂದಿರು ಹಾಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಡಾಕ್ಟರು ನಿಮ್ಮನ್ನು ನೋಡಿ ಹೇಳುವ ಮಾತೇ ದೊಡ್ಡದು. ಇದು ಅವರ ಹತ್ತಿರ ಏನು ಕೇಳಬೇಕು ಎಂದು ತಿಳಿಯಲಿ ಅಂತ.

ಕಾಯಿಲೆ ಇರುವುದು ಹೊಟ್ಟೆಯಲ್ಲೋ, ಗರ್ಭಕೋಶದಲ್ಲೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಅರ್ಧ ಗೊಂದಲ ನಮ್ಮ ಮಾತಿನಲ್ಲೇ ಇದೆ. ನಮಗೆ ಊಟ ಹೋಗುವುದೂ ಹೊಟ್ಟೆಗೆ, ಮುಟ್ಟಿನ ನೋವೂ ಹೊಟ್ಟೆನೋವು, ಮಗು ಇರುವುದೂ ಹೊಟ್ಟೆಯಲ್ಲಿ. ಆದರೆ ಒಳಗೆ ಇವೆಲ್ಲ ಬೇರೆ ಬೇರೆ ಅಂಗ. ಊಟ ಸೇರುವ ಚೀಲ ಜಠರ, ಅದು ಎದೆಗುಂಡಿಯ ಹತ್ತಿರ ಮೇಲ್ಗಡೆ ಇದೆ. ಅಂಡಾಶಯಗಳು, ಅಂದರೆ ಓವರಿಗಳು, ಕಿಬ್ಬೊಟ್ಟೆಯಲ್ಲಿ ಗರ್ಭಕೋಶದ ಎರಡೂ ಪಕ್ಕದಲ್ಲಿವೆ. ಒಂದೊಂದೂ ಸುಮಾರು ಒಂದು ಬಾದಾಮಿಯಷ್ಟು.

ಈ ಪುಟದಲ್ಲಿ ಹೇಳುತ್ತಿರುವ ಕಾಯಿಲೆ ಹುಟ್ಟುವುದು ಜಠರದಲ್ಲಿ. ಅಲ್ಲಿಂದ ಅದರ ಕಣಗಳು, ಅಂದರೆ ಜೀವಕೋಶಗಳು, ಅಂಡಾಶಯಕ್ಕೆ ಹೋಗಿ ನೆಲೆಸಿ ಗಡ್ಡೆಯಾಗುತ್ತವೆ. ಗಡ್ಡೆ ಓವರಿಯಲ್ಲಿದ್ದರೂ ಅದು ಓವರಿ ಕ್ಯಾನ್ಸರ್ ಅಲ್ಲ. ಜಠರದ ಕ್ಯಾನ್ಸರೇ ಜಾಗ ಬದಲಿಸಿದೆ. ಔಷಧಿಯೂ ಜಠರದ ಕ್ಯಾನ್ಸರಿಗೆ ಕೊಡುವುದೇ. ಗರ್ಭಕೋಶಕ್ಕೆ, ಅದರ ಕಂಠಕ್ಕೆ ಅಥವಾ ಯೋನಿಗೆ ಹರಡುವುದೂ ಉಂಟು, ಆದರೆ ಅದು ತುಂಬಾ ಅಪರೂಪ.

ರಿಪೋರ್ಟಿನಲ್ಲಿ "ಕ್ರುಕೆನ್‌ಬರ್ಗ್ ಟ್ಯೂಮರ್" ಅಂತ ಬರೆದಿದ್ದಾರೆ. ಏನದು?

ಇದೇ ಕಾಯಿಲೆಗೆ ಇಟ್ಟ ಹೆಸರು. ಫ್ರೆಡ್ರಿಕ್ ಕ್ರುಕೆನ್‌ಬರ್ಗ್ ಎಂಬ ಜರ್ಮನ್ ವೈದ್ಯ 1896ರಲ್ಲಿ ಇಂಥ ಅಂಡಾಶಯದ ಗಡ್ಡೆಗಳ ಬಗ್ಗೆ ಬರೆದರು. ಅವು ಅಂಡಾಶಯದಲ್ಲೇ ಹುಟ್ಟಿದ ಹೊಸ ಬಗೆಯ ಗಡ್ಡೆ ಎಂದು ಅವರು ನಂಬಿದ್ದರು. ಮೂಲ ಹೊಟ್ಟೆ-ಕರುಳಿನ ಕಡೆ ಇದೆ ಎಂದು 1902ರಲ್ಲಿ ಶ್ಲಾಗೆನ್‌ಹೌಫರ್ ಎಂಬುವರು ತೋರಿಸಿದರು. ಹೆಸರು ಮಾತ್ರ ಮೊದಲಿನವರದ್ದೇ ಉಳಿಯಿತು.

ಈ ಕಥೆ ಸುಮ್ನೆ ಹೇಳುತ್ತಿಲ್ಲ. ಆ ಕಾಲದ ತಪ್ಪು ಇವತ್ತಿಗೂ ನಡೆಯುತ್ತಿದೆ. ಸ್ಕ್ಯಾನಿಂಗಿನಲ್ಲಿ ಓವರಿ ಗಡ್ಡೆ ಕಾಣುತ್ತದೆ, ಎಲ್ಲರ ಗಮನ ಅಲ್ಲಿಗೇ ಹೋಗುತ್ತದೆ. ಮೇಲೆ ಜಠರದಲ್ಲಿ ಏನಿದೆ ಎಂದು ನೋಡುವುದು ತಡವಾಗುತ್ತದೆ.

ಕ್ರುಕೆನ್‌ಬರ್ಗ್ ಗಡ್ಡೆಗಳಲ್ಲಿ ಸುಮಾರು 70 ಶೇಕಡಾದಷ್ಟಕ್ಕೆ ಮೂಲ ಜಠರ. ಉಳಿದವು ದೊಡ್ಡ ಕರುಳು, ಅಪೆಂಡಿಕ್ಸ್, ಸ್ತನ, ಪಿತ್ತಕೋಶದಂಥ ಕಡೆಯಿಂದ ಬರುತ್ತವೆ.

"ಸಿಗ್ನೆಟ್ ರಿಂಗ್ ಸೆಲ್" ಅಂತಲೂ ಇದೆ.

ಸಿಗ್ನೆಟ್ ರಿಂಗ್ ಎಂದರೆ ಮುದ್ರೆಯುಂಗುರ. ಈ ಕಣಗಳ ಒಳಗೆ ಲೋಳೆ ತುಂಬಿಕೊಂಡು ನಡುವಿನ ಬೀಜವನ್ನು ಒಂದು ಅಂಚಿಗೆ ತಳ್ಳಿಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಳು ಕೂರಿಸಿದ ಉಂಗುರದ ಹಾಗೇ ಕಾಣುತ್ತದೆ. ಒಬ್ಬ ಪೆಥಾಲಜಿ ಡಾಕ್ಟರು ನನಗೆ ಒಮ್ಮೆ ಸ್ಲೈಡ್ ತೋರಿಸಿದ್ದರು. ಗುಲಾಬಿ, ನೇರಳೆ ಬಣ್ಣದಲ್ಲಿ ಸಾಲಾಗಿ ಪುಟ್ಟ ಪುಟ್ಟ ಉಂಗುರ. ಅಷ್ಟು ಚೆಂದದ ಚಿತ್ರ ಯಾರದ್ದು ಎಂದು ನೆನೆದು ಆಮೇಲೆ ಊಟ ಸೇರಲಿಲ್ಲ.

ಇಷ್ಟು ಚಿಕ್ಕ ವಯಸ್ಸಿಗೆ ಹೊಟ್ಟೆ ಕ್ಯಾನ್ಸರ್ ಬರುತ್ತಾ?

ಜಠರದ ಕ್ಯಾನ್ಸರ್ ಒಟ್ಟಾರೆ ವಯಸ್ಸಾದವರ ಕಾಯಿಲೆ, ಅದರಲ್ಲೂ ಗಂಡಸರಲ್ಲಿ ಜಾಸ್ತಿ. ಆದರೆ ಅದರಲ್ಲಿ ಎರಡು ಮುಖ್ಯ ಬಗೆ ಇವೆ. ಒಂದು ಗಡ್ಡೆ ಕಟ್ಟಿ ಬೆಳೆಯುವುದು. ಇನ್ನೊಂದು ಗಡ್ಡೆ ಕಟ್ಟದೆ ಜಠರದ ಗೋಡೆಯೊಳಗೆ ಚದುರಿ ಹಬ್ಬುವುದು, ಇದಕ್ಕೆ ಡಿಫ್ಯೂಸ್ ಎನ್ನುತ್ತಾರೆ. ಚಿಕ್ಕ ವಯಸ್ಸಿನವರಲ್ಲಿ, ಹೆಣ್ಣುಮಕ್ಕಳಲ್ಲಿ ಬಂದಾಗ ಬಹಳ ಸಲ ಈ ಎರಡನೆಯದೇ ಇರುತ್ತದೆ. ಉಂಗುರದ ಕಣಗಳು ಸಿಗುವುದೂ ಇದರಲ್ಲೇ.

ಅಂಡಾಶಯಕ್ಕೇ ಯಾಕೆ ಹೋಗುತ್ತದೆ ಎಂದರೆ, ಮುಟ್ಟು ನಿಲ್ಲದ ವಯಸ್ಸಿನಲ್ಲಿ ಅಂಡಾಶಯಕ್ಕೆ ರಕ್ತ ಓಡಾಟ ಜಾಸ್ತಿ. ಪ್ರತಿ ತಿಂಗಳು ಅಂಡ ಬಿಡುಗಡೆಯಾಗುವಾಗ ಅದರ ಮೇಲ್ಮೈ ಒಡೆದು ಮತ್ತೆ ಕೂಡಿಕೊಳ್ಳುತ್ತದೆ. ಕಣಗಳು ರಕ್ತದ ಮೂಲಕವೋ, ಲಿಂಫ್ ನಾಳಗಳ ಮೂಲಕವೋ, ಹೊಟ್ಟೆಯೊಳಗಿನ ದ್ರವದಲ್ಲಿ ಜಾರಿಕೊಂಡೋ ಅಲ್ಲಿಗೆ ಸೇರುತ್ತವೆ ಎಂಬ ವಿವರಣೆ ಇದೆ. ಹತ್ತರಲ್ಲಿ ಎಂಟು ಮಂದಿಗೆ ಎರಡೂ ಅಂಡಾಶಯದಲ್ಲಿ ಗಡ್ಡೆ ಇರುತ್ತದೆ.

ಮೊದಲೇ ಯಾಕೆ ಗೊತ್ತಾಗಲಿಲ್ಲ? ನಾವು ಎಲ್ಲಿ ತಪ್ಪಿದೆವು?

ಅತಿ ಹೆಚ್ಚು ಕಣ್ಣೀರಿನ ಜೊತೆ ಬರುವ ಪ್ರಶ್ನೆ ಇದು. ತಪ್ಪು ನಿಮ್ಮದಲ್ಲ. ಇದನ್ನು ನಾನು ಸಮಾಧಾನಕ್ಕೆ ಹೇಳುವುದಲ್ಲ, ಕಾಯಿಲೆಯ ಸ್ವಭಾವವೇ ಹಾಗಿದೆ.

ಒಬ್ಬ ಹುಡುಗಿ ಬಂದಿದ್ದಳು, ಮದುವೆಯಾಗಿ ಒಂದೂವರೆ ವರ್ಷ. ಎಂಟು ತಿಂಗಳಿನಿಂದ "ಗ್ಯಾಸ್ಟ್ರಿಕ್" ಇತ್ತು. ಎರಡು ತುತ್ತಿಗೇ ಸಾಕೆನಿಸುತ್ತಿತ್ತು. ಮನೆಯಲ್ಲಿ ಜೀರಿಗೆ ಕಷಾಯ, ಓಮದ ನೀರು, ಮೆಡಿಕಲ್ ಶಾಪಿನ ಮಾತ್ರೆ. ಮಾತ್ರೆ ತಗೊಂಡಾಗ ಕಡಿಮೆಯಾಗುತ್ತಿತ್ತು, ಅದೇ ಮೋಸ. ಆಮ್ಲ ತಗ್ಗಿಸುವ ಮಾತ್ರೆ ಜಠರದ ಕ್ಯಾನ್ಸರಿನ ನೋವನ್ನೂ ಕೆಲವು ಕಾಲ ಮರೆಸಿಬಿಡುತ್ತದೆ. ಆಮೇಲೆ ಮುಟ್ಟು ಏರುಪೇರಾಯಿತು, ಕಿಬ್ಬೊಟ್ಟೆ ಉಬ್ಬಿತು. ಬೀದಿಯಲ್ಲಿ ಸಿಕ್ಕವರೆಲ್ಲ "ಏನಮ್ಮಾ, ವಿಶೇಷಾನಾ?" ಎಂದು ಕೇಳುತ್ತಿದ್ದರಂತೆ. ಚೂಡಿದಾರದ ಪ್ಯಾಂಟಿನ ಲಾಡಿ ಮೂರು ಬಾರಿ ಸಡಿಲ ಮಾಡಿಕೊಂಡೆ ಎಂದಳು. ಅದೇ ಹೊತ್ತಿಗೆ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಹೊಟ್ಟೆ ದಪ್ಪ, ಕೈ ಸಣ್ಣ. ಅವಳ ಕೈ ನೋಡಿ ಯಾರೂ ಏನೂ ಕೇಳಿರಲಿಲ್ಲ.

ಗ್ಯಾಸ್ಟ್ರಿಕ್‌ಗೆ ಒಬ್ಬ ಡಾಕ್ಟರು, ಮುಟ್ಟಿಗೆ ಇನ್ನೊಬ್ಬ ಡಾಕ್ಟರು. ಅವರಿಗೆ ಇವರ ವಿಷಯ ಹೇಳಲಿಲ್ಲ, ಇವರಿಗೆ ಅವರ ವಿಷಯ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಅದಕ್ಕೇ ನಾನು ಸಿಕ್ಕವರಿಗೆಲ್ಲ ಹೇಳುವುದು: ಹೆರಿಗೆ ಡಾಕ್ಟರ ಹತ್ತಿರ ಹೋದಾಗ ನಿಮ್ಮ ಗ್ಯಾಸ್ಟ್ರಿಕ್ ಬಗ್ಗೆಯೂ ಹೇಳಿ. ಗ್ಯಾಸ್ಟ್ರಿಕ್ ಡಾಕ್ಟರ ಹತ್ತಿರ ಹೋದಾಗ ಮುಟ್ಟಿನ ಬಗ್ಗೆಯೂ ಹೇಳಿ, ನಾಚಿಕೆ ಬೇಡ. ಎರಡೂ ಮಾತು ಒಬ್ಬರ ಕಿವಿಗೆ ಬೀಳಲಿ.

ಯಾವ ಲಕ್ಷಣ ಕಂಡರೆ ಸುಮ್ಮನಿರಬಾರದು?

ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗೆ ಆಗುವುದು, ಎದೆಗುಂಡಿಯಲ್ಲಿ ಬಿಡದ ನೋವು ಅಥವಾ ಉರಿ, ಪದೇ ಪದೇ ವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ಟಾರಿನ ಹಾಗೆ ಕಪ್ಪಗೆ ಮಲ ಹೋಗುವುದು, ಎಷ್ಟು ಮಾತ್ರೆ ತಿಂದರೂ ರಕ್ತ ಏರದಿರುವುದು. ಇವು ಜಠರದ ಕಡೆಯವು. ಕಿಬ್ಬೊಟ್ಟೆ ಭಾರ, ಹೊಟ್ಟೆ ಉಬ್ಬರ, ಮುಟ್ಟಿನ ಏರುಪೇರು, ನಡುವೆ ರಕ್ತ ಕಾಣುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಅಂಡಾಶಯದ ಕಡೆಯವು. ಅಪರೂಪಕ್ಕೆ ಗಡ್ಡೆಯ ಸುತ್ತಲಿನ ಅಂಗಾಂಶ ಹಾರ್ಮೋನ್ ಸುರಿಸಿ ಮುಖದಲ್ಲಿ ಕೂದಲು ಬೆಳೆಯುವುದು, ದನಿ ಗಡುಸಾಗುವುದು ಉಂಟು.

ಇವುಗಳಲ್ಲಿ ಒಂದೊಂದಕ್ಕೂ ಸಾವಿರ ಸಾಮಾನ್ಯ ಕಾರಣ ಇದೆ. ಎದೆಯುರಿ ಇದ್ದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಆದರೆ ಎರಡು ಮೂರು ವಾರ ಔಷಧಿ ತಗೊಂಡರೂ ಬಿಡದಿದ್ದರೆ, ಜೊತೆಗೆ ತೂಕ ಇಳಿಯುತ್ತಿದ್ದರೆ, ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಪೈಪು ಬಿಟ್ಟು ಜಠರ ನೋಡುವುದು, ಬೇಕಾ ಎಂದು ನೀವೇ ಬಾಯಿಬಿಟ್ಟು ಕೇಳಿ.

ನನಗೆ ಪಿಸಿಓಡಿ ಇದೆ. ಚಾಕೊಲೇಟ್ ಸಿಸ್ಟ್ ಇದೆ. ಅದು ಹೀಗಾಗುತ್ತಾ?

ಇಲ್ಲ. ಪಿಸಿಓಡಿಗೂ ಇದಕ್ಕೂ ಸಂಬಂಧವಿಲ್ಲ, ಚಾಕೊಲೇಟ್ ಸಿಸ್ಟಿಗೂ ಇಲ್ಲ. ಇದು ಅಂಡಾಶಯದಲ್ಲಿ ಹುಟ್ಟುವ ಕಾಯಿಲೆಯೇ ಅಲ್ಲವಲ್ಲ. ಹಾಯಾಗಿರಿ.

ಗಡ್ಡೆ ತೆಗೆಯಲು ನಾಳೆಯೇ ಆಪರೇಷನ್ ಅಂದಿದ್ದಾರೆ. ಮಾಡಿಸಲಾ?

ಗಡ್ಡೆ ತಿರುಚಿಕೊಂಡು ಅಥವಾ ಒಡೆದು ತಡೆಯಲಾಗದ ನೋವು ಬಂದಿದ್ದರೆ ಅದು ತುರ್ತು, ಕಾಯುವ ಹಾಗಿಲ್ಲ. ಇಲ್ಲದಿದ್ದರೆ ಒಂದು ಮಾತು ಕೇಳಿ. ಎರಡೂ ಕಡೆ ಗಟ್ಟಿ ಗಡ್ಡೆ ಇದ್ದರೆ, ಊಟ ಸೇರದಿದ್ದರೆ, ತೂಕ ಇಳಿದಿದ್ದರೆ, "ಮೇಡಂ, ಆಪರೇಷನ್‌ಗೆ ಮೊದಲು ಒಂದು ಎಂಡೋಸ್ಕೋಪಿ ಮಾಡಿಸಬಹುದಾ?" ಎನ್ನಿ. ಇದು ಡಾಕ್ಟರಿಗೆ ಎದುರು ಮಾತಾಡಿದಂತೆ ಅಲ್ಲ. ಒಳ್ಳೆಯ ಡಾಕ್ಟರಿಗೆ ಇದರಿಂದ ಬೇಜಾರಾಗುವುದಿಲ್ಲ. ಸಾಧ್ಯವಿದ್ದರೆ ಗೈನೆಕ್ ಆಂಕಾಲಜಿ, ಅಂದರೆ ಹೆಂಗಸರ ಅಂಗಗಳ ಕ್ಯಾನ್ಸರ್ ನೋಡುವ ಡಾಕ್ಟರ ಹತ್ತಿರವೇ ತೋರಿಸಿ.

ಓವರಿ ಗಡ್ಡೆ ಇದ್ದಾಗ ಮಾಡಿಸುವ ರಕ್ತ ಪರೀಕ್ಷೆಯಲ್ಲಿ ಸಿಎ-125 ಜಾಸ್ತಿ ಬಂದ ಮಾತ್ರಕ್ಕೆ ಓವರಿ ಕ್ಯಾನ್ಸರ್ ಎಂದು ತೀರ್ಮಾನವಾಗುವುದಿಲ್ಲ. ಈ ಕಾಯಿಲೆಯಲ್ಲೂ ಅದು ಏರಬಹುದು, ಹೊಟ್ಟೆಯ ಟಿಬಿಯಲ್ಲೂ ಏರಬಹುದು.

ಎಂಡೋಸ್ಕೋಪಿ ಅಂದರೆ ಪೈಪು ನುಂಗಿಸ್ತಾರಂತೆ. ಉಸಿರು ಕಟ್ಟಲ್ವಾ?

ಕಟ್ಟುವುದಿಲ್ಲ. ಪೈಪು ಹೋಗುವುದು ಅನ್ನನಾಳಕ್ಕೆ, ಉಸಿರಿನ ದಾರಿ ಬೇರೆ. ಅದಕ್ಕೆ ಮೊದಲು ಆರು ಗಂಟೆ ಕಾಲ ಏನೂ ತಿಂದಿರಬಾರದು. ಗಂಟಲಿಗೆ ಕಹಿ ಸ್ಪ್ರೇ ಹೊಡೆಯುತ್ತಾರೆ, ನಾಲಿಗೆ ಜೋಮು ಹಿಡಿಯುತ್ತದೆ. ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದು ಇಡುತ್ತಾರೆ. ಐದು ಹತ್ತು ನಿಮಿಷ ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮೂಗಿನಲ್ಲಿ ನಿಧಾನವಾಗಿ ಉಸಿರಾಡಿ, ಎಂಜಲು ನುಂಗಬೇಡಿ, ಬಾಯಿಂದ ಹೊರಗೆ ಹರಿಯಲು ಬಿಡಿ. ಬೇಕಿದ್ದರೆ ಮಂಪರು ಇಂಜೆಕ್ಷನ್ನೂ ಕೊಡುತ್ತಾರೆ.

ಒಂದು ವಿಷಯ ಮುಖ್ಯ. ಚದುರಿ ಹಬ್ಬುವ ಬಗೆಯ ಕ್ಯಾನ್ಸರಿನಲ್ಲಿ ಜಠರದ ಒಳಪದರ ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣಬಹುದು, ಕಾಯಿಲೆ ಅದರ ಕೆಳಗೆ ಇರುತ್ತದೆ. ಹಾಗಾಗಿ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೆ ಸಾಲದು. ಹಲವು ಕಡೆಯಿಂದ, ಆಳವಾಗಿ ತೆಗೆಯಬೇಕು. ಒಮ್ಮೆ "ಏನೂ ಇಲ್ಲ" ಎಂದು ಬಂದರೂ ಅನುಮಾನ ಉಳಿದಿದ್ದರೆ ಮತ್ತೆ ಮಾಡುತ್ತಾರೆ. ಎರಡನೇ ಬಾರಿ ಕರೆದರು ಎಂದು ಸಿಟ್ಟಾಗಬೇಡಿ.

ಇದರ ಜೊತೆ ಸಿಟಿ ಸ್ಕ್ಯಾನ್ ಇರುತ್ತದೆ. ಕೆಲವೊಮ್ಮೆ ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಒಳಗೆಲ್ಲ ನೋಡುವುದೂ ಇರುತ್ತದೆ. ಸಿಟಿಯಲ್ಲಿ ಕಾಣದ ಸಾಸಿವೆಯಂಥ ಕಾಳುಗಳು ಅದರಲ್ಲಿ ಕಾಣುತ್ತವೆ.

ಬಸುರಿಯಲ್ಲಿ ಹೀಗಾದರೆ?

ಅಪರೂಪ, ಆದರೆ ಆಗುತ್ತದೆ. ವಾಂತಿ ಬಸುರಿನದ್ದೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಐದನೇ ತಿಂಗಳು ದಾಟಿದರೂ ವಾಂತಿ ನಿಲ್ಲದೆ, ತೂಕ ಏರುವ ಬದಲು ಇಳಿಯುತ್ತಿದ್ದರೆ ಡಾಕ್ಟರಿಗೆ ಒತ್ತಿ ಹೇಳಿ. ನಿಜಕ್ಕೂ ಅಗತ್ಯವಿದ್ದರೆ ಬಸುರಿಯಲ್ಲೂ ಎಂಡೋಸ್ಕೋಪಿ ಮಾಡಬಹುದು.

ಖಾರ ತಿಂದಿದ್ದಕ್ಕೆ ಬಂತಾ? ಹೊತ್ತಿಗೆ ಸರಿಯಾಗಿ ಉಣ್ಣದ್ದಕ್ಕೆ ಬಂತಾ?

ಇಲ್ಲಮ್ಮ. ಮೆಣಸಿನಕಾಯಿ ತಿಂದಿದ್ದಕ್ಕೆ, ಒಂದು ಹೊತ್ತು ಉಪವಾಸ ಮಾಡಿದ್ದಕ್ಕೆ ಕ್ಯಾನ್ಸರ್ ಬಂತು ಎನ್ನಲು ಆಗುವುದಿಲ್ಲ. ಅತ್ತೆ ಮನೆಯವರು ಸೊಸೆಗೆ, ಅಮ್ಮ ಮಗಳಿಗೆ ಈ ಮಾತು ಆಡುವುದನ್ನು ವಾರ್ಡಿನಲ್ಲಿ ಕೇಳಿದ್ದೇನೆ. ದಯವಿಟ್ಟು ಆಡಬೇಡಿ. ಮಲಗಿರುವವಳು ಮೊದಲೇ ತನ್ನನ್ನು ತಾನು ಬೈದುಕೊಂಡಿರುತ್ತಾಳೆ.

ಗೊತ್ತಿರುವ ಕಾರಣಗಳಲ್ಲಿ ದೊಡ್ಡದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರ ಊದಿಕೊಳ್ಳುವುದನ್ನು ತೋರಿಸಿದರು. ಅವರಿಗೂ ರಾಬಿನ್ ವಾರೆನ್‌ಗೂ 2005ರಲ್ಲಿ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್ ತರುವ ಬ್ಯಾಕ್ಟೀರಿಯಾ ಎಂದು ಪಟ್ಟಿಗೆ ಸೇರಿಸಿದೆ. ನಮ್ಮ ದೇಶದಲ್ಲಿ ತುಂಬಾ ಜನರ ಜಠರದಲ್ಲಿ ಇದು ಇದೆ, ಕ್ಯಾನ್ಸರ್ ಆಗುವುದು ಅದರಲ್ಲಿ ಕೆಲವೇ ಕೆಲವರಿಗೆ. ಮಲದ ಪರೀಕ್ಷೆ, ಉಸಿರಿನ ಪರೀಕ್ಷೆ ಅಥವಾ ಬಯಾಪ್ಸಿಯಲ್ಲಿ ಗೊತ್ತಾಗುತ್ತದೆ. ಸಾಮಾನ್ಯವಾಗಿ 14 ದಿನ ಮಾತ್ರೆ ಇರುತ್ತದೆ, ನಡುವೆ ಬಿಡಬಾರದು. ತಂಬಾಕು, ಅತಿಯಾದ ಉಪ್ಪು, ಉಪ್ಪು ಹಾಕಿಟ್ಟ ಅಥವಾ ಹೊಗೆ ಕೊಟ್ಟ ಮಾಂಸವೂ ಅಪಾಯ ಹೆಚ್ಚಿಸುತ್ತವೆ. ನಮ್ಮ ದೇಶದಲ್ಲಿ ಜಠರದ ಕ್ಯಾನ್ಸರ್ ಮಿಜೋರಾಮಿನಲ್ಲಿ ಜಾಸ್ತಿ. ಅಲ್ಲಿ ತಂಬಾಕಿನ ಹೊಗೆ ಹಾಯಿಸಿದ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ರೂಢಿಯಿದೆ, ಅದಕ್ಕೆ ತುಯಿಬುರ್ ಎನ್ನುತ್ತಾರೆ.

ಎಷ್ಟೋ ಜನರಿಗೆ ಇದ್ಯಾವುದೂ ಇರುವುದಿಲ್ಲ, ಆದರೂ ಬರುತ್ತದೆ.

ನನ್ನ ತಂಗಿಗೂ, ಮಗಳಿಗೂ ಬರುತ್ತಾ?

ಹೆಚ್ಚಿನವರಲ್ಲಿ ಇದು ವಂಶದಿಂದ ಬಂದದ್ದಲ್ಲ. ಆದರೆ ಸಿಡಿಎಚ್1 ಎಂಬ ಜೀನ್ ಕೆಟ್ಟಿರುವ ಕೆಲವು ಮನೆತನಗಳಿವೆ. 1998ರಲ್ಲಿ ನ್ಯೂಜಿಲೆಂಡಿನ ಒಂದು ಮಾವೋರಿ ಕುಟುಂಬದಲ್ಲಿ ಇದು ಮೊದಲು ಗೊತ್ತಾಯಿತು. ಆ ಮನೆಯಲ್ಲಿ ತಲೆಮಾರುಗಳಿಂದ ಎಳೆ ವಯಸ್ಸಿನವರು ಜಠರದ ಕ್ಯಾನ್ಸರಿನಿಂದ ಸಾಯುತ್ತಿದ್ದರು. ಈ ಜೀನ್ ಕೆಟ್ಟಿರುವ ಹೆಂಗಸರಿಗೆ ಒಂದು ಬಗೆಯ ಸ್ತನ ಕ್ಯಾನ್ಸರಿನ ಅಪಾಯವೂ ಇದೆ.

ಚದುರಿ ಹಬ್ಬುವ ಬಗೆಯ ಕ್ಯಾನ್ಸರ್ 50 ವರ್ಷದೊಳಗೆ ಬಂದಿದ್ದರೆ ಜೀನ್ ಪರೀಕ್ಷೆ ಬಗ್ಗೆ ಕೇಳಬಹುದು. ಮೊದಲು ರೋಗಿಗೆ ಪರೀಕ್ಷೆ. ಅವರಲ್ಲಿ ದೋಷ ಸಿಕ್ಕರೆ ಮಾತ್ರ ಅಕ್ಕತಂಗಿ, ಅಣ್ಣತಮ್ಮ, ಮಕ್ಕಳಿಗೆ. ದೋಷ ಇದ್ದವರಲ್ಲಿ ಕೆಲವರಿಗೆ ಕಾಯಿಲೆ ಬರುವ ಮೊದಲೇ ಜಠರ ತೆಗೆಸಲು ಹೇಳುತ್ತಾರೆ, ಬೇಡ ಎನ್ನುವವರಿಗೆ ವರ್ಷವರ್ಷ ಎಂಡೋಸ್ಕೋಪಿ. ಜಠರ ಇಲ್ಲದೆಯೂ ಬದುಕಬಹುದು. ಸ್ವಲ್ಪ ಸ್ವಲ್ಪವೇ ಆರೇಳು ಸಲ ಉಣ್ಣಬೇಕು, ಜೀವನಪೂರ್ತಿ ಬಿ12 ತಗೊಳ್ಳಬೇಕು.

ಚಿಕಿತ್ಸೆ ಏನಿದೆ?

ಮುಖ್ಯವಾದದ್ದು ಕೀಮೋ. ಅಂಡಾಶಯಕ್ಕೆ ಬಂದಿದೆ ಎಂದರೆ ಅದು ನಾಲ್ಕನೇ ಹಂತ, ಅಂದರೆ ದೂರದ ಅಂಗಕ್ಕೆ ಹರಡಿದ ಹಂತ. ಔಷಧಿ ಮೈಯೆಲ್ಲ ಓಡಾಡಬೇಕು, ಒಂದು ಜಾಗ ಕೊಯ್ದರೆ ಸಾಲದು. ಯಾವ ಔಷಧಿ ನಾಟಬಹುದು ಎಂದು ತಿಳಿಯಲು ಬಯಾಪ್ಸಿ ಚೂರಿನ ಮೇಲೆ ಹರ್-2, ಪಿಡಿ-ಎಲ್1, ಎಂಎಂಆರ್, ಕ್ಲಾಡಿನ್ ಎಂಬ ಪರೀಕ್ಷೆಗಳಿವೆ. ಅವುಗಳ ಫಲಿತಾಂಶ ನೋಡಿ ಕೀಮೋ ಜೊತೆಗೆ ಟ್ರಾಸ್ಟುಜುಮ್ಯಾಬ್ ಅಥವಾ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೋಥೆರಪಿಯಂಥ ಔಷಧಿ ಸೇರಿಸುತ್ತಾರೆ. ಈ ಪರೀಕ್ಷೆ ಆಗಿದೆಯಾ ಎಂದು ಕೇಳಿ. ಕೆಲವಕ್ಕೆ ದುಡ್ಡು ತುಂಬಾ ಆಗುತ್ತದೆ. ಸಾಲ ಮಾಡುವ ಮೊದಲು "ಇದರಿಂದ ಎಷ್ಟು ತಿಂಗಳ ಅನುಕೂಲ?" ಎಂದು ಡಾಕ್ಟರನ್ನು ನೇರವಾಗಿ ಕೇಳುವುದು ತಪ್ಪಲ್ಲ.

ಆಪರೇಷನ್ ಎಲ್ಲರಿಗೂ ಅಲ್ಲ. ಅಂಡಾಶಯ ಬಿಟ್ಟು ಬೇರೆಲ್ಲೂ ಹರಡಿಲ್ಲ, ಕೀಮೋಗೆ ಚೆನ್ನಾಗಿ ಸ್ಪಂದಿಸಿದ್ದಾರೆ, ಎಲ್ಲವನ್ನೂ ತೆಗೆಯಬಹುದು ಎನ್ನುವಂಥವರಿಗೆ ಯೋಚಿಸುತ್ತಾರೆ. ಗಡ್ಡೆ ದೊಡ್ಡದಾಗಿ ಒತ್ತುತ್ತಿದ್ದರೆ ತ್ರಾಸ ತಗ್ಗಿಸಲೂ ತೆಗೆಯುತ್ತಾರೆ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಸರ್ಕಾರದ ಆಸ್ಪತ್ರೆ. ಬಿಪಿಎಲ್ ಕಾರ್ಡು ಇದ್ದವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ದಾಖಲಾಗುವ ದಿನವೇ ಆಧಾರ್, ರೇಷನ್ ಕಾರ್ಡು ಜೊತೆಗಿರಲಿ.

ಮಕ್ಕಳಾಗುತ್ತಾ, ಸಿಸ್ಟರ್?

ಈ ಪ್ರಶ್ನೆ ಕೇಳುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಬೆಡ್‌ಶೀಟಿನ ಅಂಚು ಮಡಚುತ್ತಾ ಕೇಳುತ್ತಾರೆ.

ಅಂಡಾಶಯಕ್ಕೆ ಹರಡಿದ ಮೇಲೆ ಉತ್ತರ ಬಹುತೇಕ "ಇಲ್ಲ" ಎಂದೇ. ಅಂಡಾಶಯದ ತುಣುಕು ಉಳಿಸಿಟ್ಟು ಆಮೇಲೆ ಕೂರಿಸುವುದೂ ಸರಿಯಲ್ಲ, ಅದರ ಜೊತೆ ಕ್ಯಾನ್ಸರಿನ ಕಣಗಳೂ ವಾಪಸ್ ಬರಬಹುದು. ಜಠರದಲ್ಲಷ್ಟೇ ಇರುವಾಗ ಗೊತ್ತಾದವರು ಮಾತ್ರ ಕೀಮೋ ಶುರುವಾಗುವ ಮೊದಲು ಅಂಡ ಶೇಖರಿಸಿಡುವ ಬಗ್ಗೆ ಕೇಳಬೇಕು. ಯಾರೂ ತಾವಾಗಿ ಹೇಳದಿರಬಹುದು.

ಎರಡೂ ಅಂಡಾಶಯ ತೆಗೆದರೆ ಮುಟ್ಟು ಅಲ್ಲಿಗೇ ನಿಲ್ಲುತ್ತದೆ. ಮೈ ಇದ್ದಕ್ಕಿದ್ದಂತೆ ಬಿಸಿಯೇರುವುದು, ರಾತ್ರಿ ಬೆವರು, ನಿದ್ದೆಗೇಡು, ಸಿಡುಕು, ಯೋನಿ ಒಣಗುವುದು ಬರುತ್ತವೆ. "ಜೀವ ಉಳಿದರೆ ಸಾಕು, ಇದನ್ನೆಲ್ಲ ಏನು ಹೇಳೋದು" ಎಂದು ನುಂಗಿಕೊಳ್ಳಬೇಡಿ. ಇವಕ್ಕೂ ಔಷಧಿ ಇದೆ.

ಗಂಡನಿಗೆ, ಮಗುವಿಗೆ ಅಂಟುತ್ತಾ? ತಟ್ಟೆ ಬೇರೆ ಇಡಬೇಕಾ?

ಕ್ಯಾನ್ಸರ್ ಅಂಟುವುದಿಲ್ಲ. ಜೊತೆಯಲ್ಲಿ ಉಣ್ಣಿ, ಜೊತೆಯಲ್ಲಿ ಮಲಗಿ, ಮಗುವನ್ನು ಅಮ್ಮನ ಮಗ್ಗುಲಿಗೆ ಬಿಡಿ. ಕೀಮೋ ಆದ ಮೊದಲ ಎರಡು ಮೂರು ದಿನ ಅವರ ವಾಂತಿ, ಮೂತ್ರ ಸ್ವಚ್ಛ ಮಾಡುವಾಗ ಗ್ಲೌಸ್ ಹಾಕಿಕೊಳ್ಳಿ, ಅದು ಔಷಧಿಯ ಕಾರಣಕ್ಕೆ. ಮನೆಯಲ್ಲಿ ಯಾರಿಗಾದರೂ ನೆಗಡಿ ಜ್ವರ ಇದ್ದರೆ ಅವರೇ ದೂರ ಇರಬೇಕು, ರೋಗಿಯಲ್ಲ.

ಹೊಟ್ಟೆಯ ನೀರು ತೆಗೆದಷ್ಟೂ ಜಾಸ್ತಿ ತುಂಬುತ್ತಂತೆ, ಹೌದಾ?

ಈ ಕಾಯಿಲೆಯಲ್ಲಿ ಹೊಟ್ಟೆಯೊಳಗೆ ನೀರು ಸೇರಿಕೊಳ್ಳಬಹುದು, ಅದನ್ನು ಸೂಜಿ ಹಾಕಿ ಇಳಿಸುತ್ತಾರೆ. ನೀರು ಮತ್ತೆ ತುಂಬುವುದು ಕಾಯಿಲೆಯಿಂದ, ತೆಗೆದದ್ದರಿಂದಲ್ಲ. ತೆಗೆದರೆ ಉಸಿರಾಟ ಹಗುರಾಗುತ್ತದೆ, ಎರಡು ತುತ್ತು ಒಳಗೆ ಹೋಗುತ್ತದೆ. ನೀರು ಇಳಿಸಿದ ಸಂಜೆ ಒಬ್ಬಳು ಮೊಸರನ್ನಕ್ಕೆ ಮಾವಿನ ಉಪ್ಪಿನಕಾಯಿ ಬೇಕು ಎಂದು ಕೇಳಿ ತಿಂದಳು. ಅವಳಮ್ಮ ಕಾರಿಡಾರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.

ಎಷ್ಟು ದಿನ?

ಜಠರದಿಂದ ಅಂಡಾಶಯಕ್ಕೆ ಹರಡಿದವರಲ್ಲಿ ಅರ್ಧದಷ್ಟು ಮಂದಿ ಬದುಕುವುದು ಸುಮಾರು ಒಂದು ವರ್ಷದ ಆಸುಪಾಸು ಎಂದು ಹೆಚ್ಚಿನ ಅಧ್ಯಯನಗಳು ಹೇಳುತ್ತವೆ. ಉಳಿದ ಅರ್ಧ ಮಂದಿ ಅದಕ್ಕಿಂತ ಜಾಸ್ತಿ ಬದುಕುತ್ತಾರೆ, ಕೆಲವರು ಕೆಲವು ವರ್ಷ. ಕಾಯಿಲೆ ಅಂಡಾಶಯದಲ್ಲಷ್ಟೇ ಇದ್ದು, ಪೂರ್ತಿ ತೆಗೆಯಲು ಆಗಿ, ಕೀಮೋ ನಾಟಿದವರ ಗತಿ ಉತ್ತಮ. ನಿಮ್ಮ ಮನೆಯವರು ಯಾವ ಗುಂಪಿಗೆ ಸೇರುತ್ತಾರೆ ಎಂದು ಮೊದಲ ದಿನ ಯಾರಿಗೂ ಹೇಳಲು ಬರುವುದಿಲ್ಲ. ಎರಡು ಮೂರು ಕೀಮೋ ಆದ ಮೇಲಿನ ಸ್ಕ್ಯಾನ್ ನೋಡಿ ಡಾಕ್ಟರು ಹೆಚ್ಚು ಸರಿಯಾಗಿ ಹೇಳಬಲ್ಲರು.

"ಅವಳಿಗೆ ಹೇಳಬೇಡಿ ಸಿಸ್ಟರ್" ಎಂದು ಮನೆಯವರು ಕೈ ಹಿಡಿದುಕೊಳ್ಳುತ್ತಾರೆ. ನಾನು ನೋಡಿದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಗೊತ್ತಿರುತ್ತದೆ. ಮನೆಯವರಿಗೆ ನೋವಾಗಬಾರದು ಎಂದು ಅವರೂ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಅವಳು ಕೇಳಿದಷ್ಟನ್ನು ಹೇಳಿ, ಸುಳ್ಳು ಬೇಡ.

ಇನ್ನೇನೂ ಮಾಡೋಕಾಗಲ್ಲ ಅಂದರು. ಈಗ?

ನೋವಿಗೆ, ವಾಂತಿಗೆ, ಉಸಿರಿಗೆ, ನಿದ್ದೆಗೆ ಮಾಡುವುದು ಬೇಕಾದಷ್ಟಿದೆ. ಮಾರ್ಫಿನ್ ಮಾತ್ರೆಗೆ ಹೆದರಬೇಡಿ. ಡಾಕ್ಟರು ಹೇಳಿದ ಅಳತೆಯಲ್ಲಿ ನೋವಿಗೆ ತಗೊಂಡರೆ ಅದು ಚಟವಾಗುವ ಭಯ ತೀರಾ ಕಡಿಮೆ, ಮಲಬದ್ಧತೆಗೆ ಮಾತ್ರ ಜೊತೆಯಲ್ಲೇ ಔಷಧಿ ಬೇಕು. ಬೆಂಗಳೂರಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರದಲ್ಲಿ ಇಂಥ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ. ಕೀಮೋ ನಡೆಯುತ್ತಿರುವಾಗಲೂ ನೋವಿನ ಡಾಕ್ಟರನ್ನು ಕಾಣಬಹುದು, ಕೊನೆಗೇ ಹೋಗಬೇಕೆಂದಿಲ್ಲ.

ಬೇರೆ ಆಸ್ಪತ್ರೆಗೆ ತೋರಿಸಬೇಕು. ಏನೇನು ತಗೊಂಡು ಹೋಗಬೇಕು?

ಹೆಚ್ಚಿನವರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ರಿಪೋರ್ಟುಗಳನ್ನು ತುರುಕಿಕೊಂಡು ಬರುತ್ತಾರೆ. ತಾರೀಕಿನ ಪ್ರಕಾರ ಜೋಡಿಸಿ ಒಂದು ಫೈಲ್ ಮಾಡಿ. ಸಿಟಿ ಸ್ಕ್ಯಾನಿನ ಫಿಲ್ಮಿಗಿಂತ ಸಿಡಿ ಮುಖ್ಯ. ಎಂಡೋಸ್ಕೋಪಿ ರಿಪೋರ್ಟು, ಕೀಮೋ ಕೊಟ್ಟ ಚೀಟಿಗಳು, ಡಿಸ್ಚಾರ್ಜ್ ಸಮ್ಮರಿ ಇರಲಿ.

ಎಲ್ಲರೂ ಮರೆಯುವುದು ಬ್ಲಾಕ್. ನಿಮ್ಮಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದು ಮೊದಲ ಆಸ್ಪತ್ರೆಯ ಲ್ಯಾಬಿನಲ್ಲಿರುತ್ತದೆ. ಕಾಯಿಲೆ ಹುಟ್ಟಿದ್ದು ಜಠರದಲ್ಲೋ ಅಂಡಾಶಯದಲ್ಲೋ ಎಂದು ಹೇಳುವ ಐಎಚ್‌ಸಿ ಪರೀಕ್ಷೆ, ಹರ್-2 ಪರೀಕ್ಷೆ ಎಲ್ಲ ಅದರ ಮೇಲೇ ಮಾಡುವುದು. ಅದಿಲ್ಲದಿದ್ದರೆ ಮತ್ತೆ ಬಯಾಪ್ಸಿ, ಮತ್ತೆ ಹತ್ತು ದಿನ. ಲ್ಯಾಬಿನಲ್ಲಿ ಒಂದು ಅರ್ಜಿ ಬರೆದು ಕೊಟ್ಟು ಬ್ಲಾಕ್, ಸ್ಲೈಡ್ ಎರಡನ್ನೂ ಕೇಳಿ ಪಡೆಯಿರಿ. ಬಿಸಿಲಿಗೆ ಮೇಣ ಕರಗುತ್ತದೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಬ್ಯಾಗಿನೊಳಗೆ ನಿಮ್ಮ ಮಡಿಲಲ್ಲೇ ಇರಲಿ.